ನಾಲ್ಕು ಬೆರಳು ನೀರು

ದೋಣಿ ಅಂಗಡಿಯವನ ಬಾಯಿಗೆ ಬೀಗವಿರಲಿಲ್ಲ. "ಇದು ಜೆಟ್ ದೋಣಿ. ಕೆಳಗೆ ನೀರು ತಳ್ಳೋ ಫ್ಯಾನೇ ಇಲ್ಲ, ಕಲ್ಲಿಗೆ ಬಡಿಯೋ ಮಾತೇ ಇಲ್ಲ. ನಾಲ್ಕು ಬೆರಳು ನೀರಿದ್ರೆ ಸಾಕು, ಹಾರ್ಕೊಂಡು ಹೋಗುತ್ತೆ."

ಬಾಮೈದ ಅದರ ಅಂಚು ಸವರುತ್ತ ನಿಂತಿದ್ದ. ಹೋದ ಬೇಸಿಗೆಯಲ್ಲಿ ನಮ್ಮ ಹಳೆಯ ದೋಣಿಯ ಫ್ಯಾನು ಕಲ್ಲಿಗೆ ಬಡಿದು ಮುರಿದಾಗ, ಹೆರಿಗೆ ನೋವಿನಲ್ಲಿದ್ದ ಅವನ ಅಕ್ಕ, ನನ್ನ ಹೆಂಡತಿ, ಆಸ್ಪತ್ರೆಗೆ ಹೊಳೆ ದಾಟಲಾಗದೆ ದಡದಲ್ಲೇ ಕಣ್ಣು ಮುಚ್ಚಿದ್ದಳು.

"ನಿಲ್ಲಿಸಿದ್ರೆ?" ಎಂದೆ.

"ನಿಲ್ಲಿಸೋಕೆ ಮೊಣಕಾಲುದ್ದ ನೀರು ಬೇಕು. ಇಲ್ಲಾಂದ್ರೆ ಮರಳು ನುಂಗಿ ಕೆಟ್ಟು ಕೂತ್ಕೊಳ್ಳುತ್ತೆ. ಓಡ್ತಾನೇ ಇರ್ಬೇಕು."

ನಮ್ಮ ದಡದಲ್ಲಿ ಬೇಸಿಗೆಯ ನೀರಿನಲ್ಲಿ ಪಾದ ಮುಳುಗಿದರೆ ಹೆಚ್ಚು.

"ಇದೊಂದು ಆಗ ಇದ್ದಿದ್ರೆ ಅಕ್ಕ ಉಳೀತಿದ್ಳು, ಭಾವ," ಎಂದ ಬಾಮೈದ.

ಹೂಂ ಎಂದೆ. ದಡದಲ್ಲಿ ಮಲಗಿದ್ದವಳು ಕೈಯೆತ್ತುವುದೂ, ಈ ದೋಣಿ ನಿಲ್ಲಲಾಗದೆ ಅವಳ ಮೇಲೆ ನೀರೆರಚಿ ಮುಂದೆ ಹೋಗುವುದೂ ಕಣ್ಣಿಗೆ ಕಟ್ಟಿತ್ತು.