ಗೆಜ್ಜೆಯ ಬಾಯಿಗೆ ಹೊಂದುವ ಕಡಿವಾಣ

ಬ್ಯಾಂಕಿನ ಮ್ಯಾನೇಜರಿಗೆ ಕುದುರೆ ಸವಾರಿ ಬರುತ್ತಿರಲಿಲ್ಲ, ದೂರು ಹೇಳುವುದು ಮಾತ್ರ ಚೆನ್ನಾಗಿ ಬರುತ್ತಿತ್ತು. ಬಸ್ಸಿನಲ್ಲಿ ಕಂಬಿಗೆ ಜೋತುಬಿದ್ದ ಹಾಗೆ ಲಗಾಮಿಗೆ ಜೋತುಬೀಳುವುದು, ಗೆಜ್ಜೆ ಎಂಬ ಆ ಕುದುರೆ ತಲೆ ಕೊಡವಿದರೆ ಇಳಿದುಬಂದು ಇದು ಹಠಮಾರಿ ಎನ್ನುವುದು. ಕುಣಿಯಲಾರದವಳು ನೆಲ ಡೊಂಕು ಅಂದಳಂತೆ. ಅವಳಾದರೂ ನೆಲವನ್ನು ದೂರಿದಳು, ನೆಲಕ್ಕೆ ನೋವಾಗುವುದಿಲ್ಲ.

ಆ ದೂರು ಕೇಳಿ ಸವಾರಿ ಶಾಲೆಯ ಯಜಮಾನರು ಲಾಯದ ಗೂಟಕ್ಕೆ ಒಂದು ಹೊಸ ಕಡಿವಾಣ ತಗುಲಿಹಾಕಿದರು. ಕುದುರೆಯ ಬಾಯೊಳಗೆ ಹೋಗುವ ಅದರ ಕಂಬಿ ಹಗ್ಗದ ಹಾಗೆ ಹುರಿಗೊಂಡಿತ್ತು, ಏಣುಗಳು ಕೈಗೆ ತರಚುತ್ತಿದ್ದವು. ಅದರ ಮೇಲೆ ಬೆರಳಾಡಿಸಿದ ಮೆಣಸಿನಕಾಯಿಗೆ ಮೈಯೆಲ್ಲ ಉರಿದುಹೋಯಿತು. ಮೆಣಸಿನಕಾಯಿ ಎಂದರೆ ಯಜಮಾನರ ಅಣ್ಣನ ಮಗಳು, ಅಲ್ಲಿ ಮಕ್ಕಳಿಗೆ ಸವಾರಿ ಕಲಿಸುವವಳು. ಆ ಹೆಸರು ಯಾಕೆ ಬಂತೆಂದು ಇದುವರೆಗೆ ಯಾರೂ ಕೇಳಿಲ್ಲ.

"ಚಿಕ್ಕಪ್ಪ, ಇದನ್ನ ಮೊದಲು ನಿಮ್ಮ ಬಾಯಿಗೆ ಹಾಕಿ ಎಳೀಲಾ?"

"ನನ್ನ ಬಾಯಿಗೆ ಕಡಿವಾಣ ಹಾಕೋಕೆ ನಿಮ್ಮ ಚಿಕ್ಕಮ್ಮ ಇದ್ದಾಳೆ," ಎಂದರು ಚಿಕ್ಕಪ್ಪ ತಣ್ಣಗೆ.

"ಆ ಮನುಷ್ಯನ ಕೈ ಕೆಟ್ಟದ್ದು. ಅದಕ್ಕೆ ಕುದುರೆಗೆ ಶಿಕ್ಷೆನಾ? ಎತ್ತಿಗೆ ಜ್ವರ ಬಂದ್ರೆ ಎಮ್ಮೆಗೆ ಬರೆ ಹಾಕಿದ ಹಾಗಾಯ್ತು."

"ನಿನ್ನ ಗಾದೆ ಆಮೇಲೆ. ಭಾನುವಾರ ನಾನೇ ಹತ್ತಿ ನೋಡ್ತೀನಿ. ತಲೆ ಕೊಡವಿದ್ರೆ ಮಾರಿಬಿಡ್ತೀನಿ."

"ಕೊಡವದೇ ಇದ್ರೆ?"

"ಇರುತ್ತೆ. ನನಗೇನು ಅದರ ಮೇಲೆ ಹಗೆಯಾ?"

ಹುರಿ ಕಂಬಿಯನ್ನು ಅವಳು ಗೆಜ್ಜೆಗೆ ಹಾಕಲಿಲ್ಲ. ಆದರೆ ಯಾವುದು ಹಾಕಿದರೆ ಸರಿ ಎಂದು ಅವಳಿಗೂ ಗೊತ್ತಿರಲಿಲ್ಲ. ಆ ಶಾಲೆಯಲ್ಲಿ ಅಜ್ಜನ ಕಾಲದಿಂದ ನಡೆದುಬಂದ ಒಂದು ಮಾತಿತ್ತು: ದಪ್ಪ ಕಡಿವಾಣ ಮೆತ್ತಗೆ, ತೆಳ್ಳಗಿನದು ಕತ್ತಿ. ಮಕ್ಕಳು ಅದನ್ನು ಮಗ್ಗಿಯ ಹಾಗೆ ಒಪ್ಪಿಸುತ್ತಿದ್ದರು, ಕಲಿಸಿದವಳು ಇವಳೇ. ಹಾಗಾಗಿ ಗೆಜ್ಜೆ ತಲೆ ಕೊಡವಿದಾಗಲೆಲ್ಲ ಇವಳು ಹಿಂದಿನದಕ್ಕಿಂತ ದಪ್ಪನೆಯದನ್ನು ಹಾಕುತ್ತ ಬಂದಿದ್ದಳು. ಈಗಿನದಕ್ಕೆ ರಬ್ಬರು ಸುತ್ತಿತ್ತು, ಮುಟ್ಟಿದರೆ ದಿಂಬಿನಷ್ಟು ಹಿತ. ಗೆಜ್ಜೆ ಮಾತ್ರ ನಾಲಿಗೆಯನ್ನು ಪಕ್ಕಕ್ಕೆ ಚಾಚುತ್ತಿತ್ತು, ಹಲ್ಲು ಮಸೆಯುತ್ತಿತ್ತು, ಕಡಿವಾಣ ಕಂಡರೆ ದವಡೆ ಬಿಗಿದು ನಿಲ್ಲುತ್ತಿತ್ತು. ಪಶುವೈದ್ಯರು ಬಂದು, ಹಲ್ಲಿನಲ್ಲಿ ಏನೂ ತೊಂದರೆಯಿಲ್ಲ ಎಂದು ಹೇಳಿ ಹೋಗಿದ್ದರು. ಬಾಯಿದ್ದವನು ಬರಗಾಲದಲ್ಲೂ ಬದುಕಿದ ಅನ್ನುತ್ತಾರೆ. ಈ ಬಡಪಾಯಿಗೆ ಬಾಯಿ ಇದ್ದದ್ದೇ ಕಷ್ಟವಾಗಿತ್ತು.

ಆ ಸಂಜೆ ಮೆಣಸಿನಕಾಯಿ ಅಂಗಿಯ ತೋಳು ಮಡಚಿಕೊಂಡು ಗೆಜ್ಜೆಯ ಮುಂದೆ ನಿಂತಳು. ಕುದುರೆಯ ಮುಂಬಲ್ಲಿಗೂ ದವಡೆ ಹಲ್ಲಿಗೂ ನಡುವೆ ಒಂದಿಷ್ಟು ಬೋಳು ವಸಡು ಇರುತ್ತದೆ, ಕಡಿವಾಣ ಕೂರುವುದು ಅಲ್ಲೇ. ಎರಡು ಬೆರಳನ್ನು ಒಂದರ ಮೇಲೊಂದಿಟ್ಟು ಅಲ್ಲಿ ತೂರಿಸಲು ಹೋದಳು. ಒಂದೇ ಹೋಯಿತು. ಮೇಲಿನಿಂದ ಅಂಗುಳ, ಕೆಳಗಿನಿಂದ ದಪ್ಪ ನಾಲಿಗೆ ಸೇರಿ ಅದನ್ನೂ ಹಿಂಡಿಬಿಟ್ಟವು. ಎಲ್ಲ ಕುದುರೆಗಳಿಗೂ ಇರುವ ಜಾಗ ಇದರ ಬಾಯಲ್ಲಿ ಇರಲೇ ಇಲ್ಲ. ಆ ಇಕ್ಕಟ್ಟಿಗೆ ಇವಳು ಹೆಬ್ಬೆರಳು ಗಾತ್ರದ ರಬ್ಬರು ತುರುಕಿದ್ದಳು, ಅದೂ ಪ್ರೀತಿಯಿಂದ.

ಅವಳಿಗೆ ಬಂದ ಸಿಟ್ಟು ಅಷ್ಟಿಷ್ಟಲ್ಲ. ಗಾದೆ ಕಟ್ಟಿಟ್ಟು ಹೋದ ಅಜ್ಜನ ಮೇಲೆ ಬಂತು, ಹಲ್ಲು ನೋಡಿ ನಾಲಿಗೆ ನೋಡದೆ ಹೋದ ವೈದ್ಯರ ಮೇಲೆ ಬಂತು. ಎಲ್ಲಕ್ಕಿಂತ ಹೆಚ್ಚು ತನ್ನ ಮೇಲೇ ಬಂತು. ಹುರಿ ಕಂಬಿ ತಂದ ಚಿಕ್ಕಪ್ಪ ಕ್ರೂರಿಯಾದರೆ ತಾನು ಯಾರು?

ಮರುದಿನ ಒಂದು ಕಡ್ಡಿಯಲ್ಲಿ ಗೆಜ್ಜೆಯ ಬಾಯಗಲ ಅಳೆದುಕೊಂಡು ಕುದುರೆಯ ಜೀನು, ಲಗಾಮು ಮಾರುವ ಅಂಗಡಿಗೆ ಹೋದಳು.

"ಸೂಕ್ಷ್ಮ ಬಾಯಿ ಅಂದ್ರೆ ದಪ್ಪದ್ದೇ ತಗೊಳ್ಳಿ ಮೇಡಂ," ಎಂದ ಅಂಗಡಿಯವನು. "ಎಲ್ಲರೂ ಇದನ್ನೇ ಇಷ್ಟಪಡ್ತಾರೆ."

"ಎಲ್ಲರೂ ಅಂದ್ರೆ ಕುದುರೆಗಳಾ?"

ಅವನು ಖಾನೆಗಳನ್ನು ಎಳೆದುಕೊಟ್ಟ. ಎರಡು ತುಂಡಿನವು ಲಗಾಮು ಎಳೆದಾಗ ಮಡಚಿಕೊಂಡು ಅಂಗುಳಕ್ಕೆ ಚುಚ್ಚುತ್ತವೆ, ಬೇಡ. ನೇರ ಸರಳಿನವು ಇಡೀ ನಾಲಿಗೆಯನ್ನು ಅದುಮುತ್ತವೆ, ಬೇಡ. ಕೊನೆಗೆ ಖಾನೆಯ ತಳದಲ್ಲಿ ಒಂದು ಸಿಕ್ಕಿತು. ತೆಳ್ಳಗೆ, ನುಣ್ಣಗೆ, ಮೂರು ತುಂಡು. ನಡುವಿನದು ಹುರುಳಿಕಾಳಿನಂತೆ ಚಪ್ಪಟೆ, ನಾಲಿಗೆಗೆ ಜಾಗ ಬಿಟ್ಟು ಮೇಲಕ್ಕೆ ಬಾಗಿದ್ದು. ಕಡ್ಡಿ ಹಿಡಿದು ನೋಡಿದಳು, ಅಗಲ ಸರಿಯಾಗಿತ್ತು. ಲಾಯಕ್ಕೆ ತಂದು ಅಂಗೈಯಲ್ಲಿ ಬೆಚ್ಚಗೆ ಮಾಡಿ ಗೆಜ್ಜೆಯ ತುಟಿಗೆ ಹಿಡಿದಳು. ಗೆಜ್ಜೆ ಅಭ್ಯಾಸಬಲದಿಂದ ದವಡೆ ಬಿಗಿಯಿತು, ತುಂಬ ಹೊತ್ತಿನ ಮೇಲೆ ಸಡಿಲಿಸಿತು. ಕಂಬಿ ಒಳಗೆ ಕೂತ ಮೇಲೆ ನಾಲಿಗೆ ಹೊರಗೆ ಬರಲಿಲ್ಲ. ಬದಲಿಗೆ ಗೆಜ್ಜೆ ಕಂಬಿಯನ್ನು ಮೆಲ್ಲಗೆ ಚಪ್ಪರಿಸತೊಡಗಿತು. ಮೆಣಸಿನಕಾಯಿ ಅದರ ಕುತ್ತಿಗೆಗೆ ಮುಖ ಒತ್ತಿ ಅತ್ತುಬಿಟ್ಟಳು.

ಭಾನುವಾರ ಆ ತೆಳ್ಳಗಿನ ಕಡಿವಾಣದಲ್ಲೇ ಚಿಕ್ಕಪ್ಪ ಹತ್ತಿದರು. ನಡೆಸಿದರು, ಓಡಿಸಿದರು, ಬೇಕೆಂದೇ ಜೋರಾಗಿ ಎಳೆದರು. ಗೆಜ್ಜೆ ತಲೆ ತಗ್ಗಿಸಿಕೊಂಡು ನೀರಿನ ಹಾಗೆ ಹರಿಯಿತು.

"ನೋಡಿದ್ಯಾ, ಕೊನೆಗೂ ಅದಕ್ಕೆ ಬುದ್ಧಿ ಬಂತು," ಎಂದರು ಇಳಿದು.

ಬುದ್ಧಿ ಯಾರಿಗೆ ಬರಬೇಕಿತ್ತು ಎಂದು ಹೇಳಲು ಅವಳ ನಾಲಿಗೆ ತುರಿಸಿತು. ಕುದುರೆ ಉಳಿಯಿತಲ್ಲ ಎಂದು ನುಂಗಿಕೊಂಡಳು. ಅಷ್ಟರಲ್ಲಿ ಅವರೇ ಮುಂದುವರಿಸಿದರು: "ಮಧ್ಯಾಹ್ನ ಒಬ್ಬರು ನೋಡೋಕೆ ಬರ್ತಾರೆ. ತಿಕ್ಕಿ ಚೊಕ್ಕ ಮಾಡಿಡು."

"ಇರುತ್ತೆ ಅಂದಿದ್ರಿ."

"ಅಂದಿದ್ದೆ ಕಣೆ. ಆದ್ರೆ ಈಗ ಅದು ಒಳ್ಳೆ ಕುದುರೆ. ಒಳ್ಳೆ ಕುದುರೆಗೆ ಗಿರಾಕಿ ಬಂದಾಗ ಬಾಗಿಲು ಹಾಕ್ಕೊಳ್ಳೋಕಾಗುತ್ತಾ?"

ತಲೆ ಕೊಡವಿದರೂ ಮಾರಾಟ, ಕೊಡವದಿದ್ದರೂ ಮಾರಾಟ. ಕಿರುಚಿದರೆ ಮೆಣಸಿನಕಾಯಿ ಘಾಟು ಎಂದು ನಕ್ಕುಬಿಡುತ್ತಾರೆ, ಗೊತ್ತಿತ್ತು. ಲಾಯಕ್ಕೆ ನಡೆದಳು.

ಅಲ್ಲಿ ಗೂಟದ ಮೇಲೆ ರಬ್ಬರಿನ ದಪ್ಪ ಕಡಿವಾಣ ಇನ್ನೂ ನೇತಾಡುತ್ತಿತ್ತು. ಅದನ್ನು ಹಾಕಿದರೆ ಸಾಕು. ಗಿರಾಕಿಯ ಮುಂದೆ ಗೆಜ್ಜೆ ಕುಣಿದಾಡುತ್ತದೆ, ಗಿರಾಕಿ ಬಂದ ದಾರಿ ಹಿಡಿಯುತ್ತಾರೆ, ಗೆಜ್ಜೆ ಇಲ್ಲೇ ಉಳಿಯುತ್ತದೆ. ಯಾರೂ ಇವಳನ್ನು ಬೈಯುವ ಹಾಗಿಲ್ಲ, ಅದು ಶಾಲೆಯ ಪದ್ಧತಿಯೇ. ಮೆಣಸಿನಕಾಯಿ ಅದನ್ನು ಕೈಗೆತ್ತಿಕೊಂಡು ಗೆಜ್ಜೆಯ ಮುಂದೆ ನಿಂತಳು. ಗೆಜ್ಜೆ ಕೈಯಲ್ಲಿರುವುದೇನೆಂದು ನೋಡಲಿಲ್ಲ. ಅವಳ ಮುಖ ನೋಡಿತು, ತಲೆ ಇಳಿಸಿತು, ತಾನಾಗಿಯೇ ಬಾಯಿ ತೆರೆಯಿತು.

ಅವಳು ರಬ್ಬರಿನದನ್ನು ಕಸದ ಡಬ್ಬಕ್ಕೆ ಹಾಕಿ, ತೆಳ್ಳಗಿನದನ್ನು ಬೆಚ್ಚಗೆ ಮಾಡಿ ತೊಡಿಸಿದಳು.

ಬಂದ ಹೆಂಗಸು ಬೇರೆ ಊರಿನಲ್ಲಿ ಕುದುರೆ ಸಾಕುವವಳು. ಹತ್ತಿ ಒಂದು ಸುತ್ತು ಹಾಕಿದೊಡನೆ ಮುಖ ಅರಳಿತು. ಬಾಯಿ ಹೇಗೆ ಎಂದು ಕೇಳಿದಳು.

"ಬೆಣ್ಣೆ," ಎಂದರು ಚಿಕ್ಕಪ್ಪ. "ಯಾವ ಕಡಿವಾಣ ಆದ್ರೂ ನಡೆಯುತ್ತೆ."

"ನಡೆಯಲ್ಲ," ಎಂದಳು ಮೆಣಸಿನಕಾಯಿ. "ಇಲ್ಲಿ ಬನ್ನಿ ಅಕ್ಕ, ನಿಮ್ಮ ಬೆರಳು ಹಾಕಿ ನೋಡಿ."

ಆ ಹೆಂಗಸು ಬೆರಳು ಹಾಕಿದಳು, ಹುಬ್ಬೇರಿಸಿದಳು, ಮತ್ತೊಮ್ಮೆ ಹಾಕಿ ನೋಡಿದಳು. ವ್ಯಾಪಾರ ಕೆಟ್ಟಿತೆಂದು ಚಿಕ್ಕಪ್ಪನ ಮುಖ ಕಪ್ಪಿಟ್ಟಿತು. ಕೆಡಲಿಲ್ಲ. ಹೆಂಗಸು ಕುದುರೆಯ ಗಲ್ಲ ಸವರಿ, ಹಾಗಾದರೆ ಇದೇ ಕಡಿವಾಣದ ಜೊತೆಗೇ ಕೊಂಡೊಯ್ಯುತ್ತೇನೆ ಎಂದಳು.

"ಅದು ವ್ಯಾಪಾರದಲ್ಲಿ ಸೇರಿಲ್ಲ," ಎಂದರು ಚಿಕ್ಕಪ್ಪ. "ಬಿಚ್ಚಿಡೇ."

"ಇದನ್ನ ತಂದವಳು ನಾನು. ಕುದುರೆ ನಿಮ್ಮದು, ಮಾರಿದ್ರಿ. ಇದು ನನ್ನದು, ಕೊಡ್ತಿದ್ದೀನಿ."

ಗೆಜ್ಜೆಯನ್ನು ತಾನೇ ನಡೆಸಿಕೊಂಡು ಹೋಗಿ ವ್ಯಾನು ಹತ್ತಿಸಿದಳು. ಬಾಗಿಲು ಹಾಕಲು ಚಿಕ್ಕಪ್ಪ ಕೈ ಚಾಚಿದರು. ಅವಳು ಬಿಡಲಿಲ್ಲ, ತಾನೇ ಹಾಕಿದಳು.