ಬರಿಮುಖ

“ಹಿಂದಕ್ ಸರಿಯೇ ಮುಂಡೆ! ನಿಮ್ಮಪ್ಪ ಮಾಡ್ಸಿದ್ ಗಾಡೀನಾ ಇದು, ಹತ್ತಕ್ಕೆ?”

ಜಮೀನ್ದಾರರ ಕಾರಭಾರಿ ಮೆಲಾನ್ಯೊ ನನ್ನ ಎದೆಗೆ ಮೊಣಕೈ ಕೊಟ್ಟು ತಳ್ಳಿದ. ಸೊಂಟದ ಮೇಲಿದ್ದ ಮಗಳು ಜಾರಿದಳು. ಅವನು ಅಮೆರಿಕದ ಸಿಪಾಯಿಯ ಪಕ್ಕದಲ್ಲಿ ನಿಂತಿದ್ದ, ತಾನೂ ವಿಮಾನದಿಂದ ಕೊಡೆ ಬಿಚ್ಚಿ ಇಳಿದವನ ಹಾಗೆ. ಅವರು ಇಳಿದಿದ್ದು ಬೆಳಗಿನ ಏಳಕ್ಕೆ. ಕ್ಯಾಂಪ್ ಕಾಯುತ್ತಿದ್ದ ಜಪಾನಿಯರು ಅಂಗಿ ಬಿಚ್ಚಿ ಕವಾಯತು ಮಾಡುತ್ತಿದ್ದವರು ಹಾಗೇ ಬಿದ್ದರು. ಉಳಿದವರು ಗುಡ್ಡಕ್ಕೆ ಓಡಿದರು. ಈಗ ಕ್ಯಾಂಪಿನ ಹುಲ್ಲುಮಾಡುಗಳು ಉರಿಯುತ್ತಿದ್ದವು. ಮೂರು ವರ್ಷ ಬೇಲಿಯೊಳಗೆ ಸೆರೆಯಿದ್ದ ಬಿಳಿಯರು, ಮೂಳೆಗೆ ಚರ್ಮ ಅಂಟಿಕೊಂಡವರು, ಸಾಲಾಗಿ ಬಂದು ನೀರಲ್ಲೂ ನೆಲದಲ್ಲೂ ಓಡುವ ಉಕ್ಕಿನ ಗಾಡಿಗಳನ್ನು ಹತ್ತುತ್ತಿದ್ದರು. ಸರೋವರದ ಆಚೆ ದಂಡೆ ಅಮೆರಿಕದವರದು. ಈಚೆ ದಂಡೆಗೆ ಸಂಜೆಯೊಳಗೆ ಜಪಾನಿಯರು ತಿರುಗಿ ಬರುತ್ತಾರೆ, ಸಿಕ್ಕಿದ ಊರವರನ್ನು ಕೊಲ್ಲುತ್ತಾರೆ. ಇದು ನಮ್ಮೂರಿನ ಕೋಳಿಗಳಿಗೂ ಗೊತ್ತಿತ್ತು.

ಒಬ್ಬ ಬಿಳಿ ಹೆಂಗಸು ಸುತ್ತಿದ ಹಾಸಿಗೆಯನ್ನು ಎತ್ತಿ ಕೊಟ್ಟಳು. ಮೆಲಾನ್ಯೊ ಅದನ್ನು ನಾಜೂಕಾಗಿ ಒಳಗಿಟ್ಟ.

“ಹಾಸ್ಗೆಗ್ ಜಾಗ ಐತೆ, ನಮ್ಗಿಲ್ವೇನ್ಲಾ?” ಹಿಂದಿನಿಂದ ಬಿರಾಂಗ್ ಅಜ್ಜಿ ಕೂಗಿದಳು.

“ಹಾಸ್ಗೆ ಬಾಯ್ ಬಡ್ಕಳಲ್ಲ ಅಜ್ಜಿ. ಪಟ್ಟೀಲಿ ಹೆಸ್ರಿರೋರ್ಗೆ ಮಾತ್ರ.”

“ನಿನ್ ಹೆಸ್ರೈತಾ?”

“ನಾನು ದುಭಾಷಿ. ನಾನಿಲ್ದಿದ್ರೆ ಇವ್ರಿಗೆ ದಾರಿ ತೋರ್ಸೋರ್ಯಾರು?”

ಬೇಲಿಯ ಯಾವ ಮೂಲೆ ಸಡಿಲ, ಕಾವಲು ಯಾವಾಗ ಬದಲಾಗುತ್ತದೆ, ಎಲ್ಲವನ್ನೂ ಕಾಡಿನ ಹೋರಾಟಗಾರರಿಗೆ ಮುಟ್ಟಿಸಿದ್ದವನು ನನ್ನ ಗಂಡ ತಿಬುರ್ಸ್ಯೊ. ಹನ್ನೊಂದು ದಿನದ ಹಿಂದೆ ಜಪಾನಿಯರು ನಮ್ಮನ್ನೆಲ್ಲ ಇಗರ್ಜಿಯ ಅಂಗಳದಲ್ಲಿ ಕೂರಿಸಿದರು. ತಲೆಗೆ ತಾಳೆಗರಿಯ ಚೀಲ ಕವುಚಿಕೊಂಡ ಒಬ್ಬ ಸಾಲಿನುದ್ದಕ್ಕೂ ನಡೆದು ಬಂದ. ಕಣ್ಣಿಗೆ ಎರಡು ತೂತು. ಮಾತಿಲ್ಲ, ಬೆರಳು ಮಾತ್ರ. ಆ ಬೆರಳು ತಿಬುರ್ಸ್ಯೊನ ಮುಂದೆ ನಿಂತಿತು.

ಎಲ್ಲರೂ ತಲೆ ತಗ್ಗಿಸಿದ್ದರು. ನಾನು ಚೀಲ ನೋಡುತ್ತಿದ್ದೆ: ಎಳೆ ಎಡಕ್ಕೆ ವಾಲಿತ್ತು, ಬಾಯಿಗೆ ಜೋಡಿ ಅಂಚು. ನಾನು ಎಡಚಿ. ಬೇರೆ ಹೆಂಗಸರು ತಾಳೆಗರಿ ಹೆಣೆದರೆ ಎಳೆ ಬಲಕ್ಕೆ ವಾಲುತ್ತದೆ, ನಾನು ಹೆಣೆದರೆ ಎಡಕ್ಕೆ. ಸಂತೆಯಲ್ಲಿ ‘ಸೊಟ್ಟಚೀಲ’ ಎಂದು ನಗುತ್ತಾರೆ. ಅವುಗಳಲ್ಲಿ ಬಾಯಿಗೆ ಜೋಡಿ ಅಂಚು ಕಟ್ಟಿದ್ದು ಒಂದೇ ಒಂದು, ಕ್ರಿಸ್ಮಸ್ಸಿಗೆ ಬಾತುಮೊಟ್ಟೆ ತುಂಬಿ ಜಮೀನ್ದಾರರ ಮನೆಗೆ ಒಪ್ಪಿಸಿದ್ದು. ಬಾಗಿಲಲ್ಲಿ ಇಸಿದುಕೊಂಡವನು ಮೆಲಾನ್ಯೊ. ಅಂದು ಮೊಟ್ಟೆಗಳನ್ನು ಒಂದೊಂದಾಗಿ ಮೂಸಿ ನೋಡಿ, “ನಿನ್ ಗಂಡನ್ ವಾಸ್ನೆ ಬರ್ತದೆ” ಅಂದಿದ್ದ.

ಈಗ ಅದೇ ಚೀಲ ಅವನ ಕಂಕುಳಲ್ಲಿತ್ತು. ಬಟ್ಟೆ ತುರುಕಿದ್ದ. ಒಂದು ಮಗ್ಗುಲನ್ನು ಮೈಗೆ ಒತ್ತಿಕೊಂಡಿದ್ದ.

ನಾನು ಸಿಪಾಯಿಯ ತೋಳು ಹಿಡಿದೆ. “ನನ್ ಗಂಡನ್ನ ತೋರ್ಸಿ ಕೊಲ್ಸಿದೋನು ಇವ್ನೇ. ಹತ್ತಿಸ್ಕೋಬ್ಯಾಡ!”

ಮೆಲಾನ್ಯೊ ಇಂಗ್ಲಿಷಿನಲ್ಲಿ ಮೆಲ್ಲಗೆ ಏನೋ ಹೇಳಿದ. ಸಿಪಾಯಿಯ ಕಣ್ಣು ತೇವವಾಯಿತು. ನನ್ನ ಭುಜ ತಟ್ಟಿ ಮಗಳ ಕೈಗೆ ಚಾಕೊಲೇಟ್ ಇಟ್ಟ.

“ಏನಂದೆ ಅವ್ನಿಗೆ?”

“ನಿನ್ ಗಂಡ ಇವ್ರಿಗೋಸ್ಕರ ಸತ್ತ, ಅದ್ಕೆ ನಿಂಗೆ ಹೆಮ್ಮೆ ಅಂದೆ. ಸುಳ್ಳೇನಲ್ವಲ್ಲ?”

ಅವನು ಗಾಡಿಗೆ ಕಾಲಿಟ್ಟ. ನಾನು ಚೀಲದ ಹಿಡಿ ಹಿಡಿದು ಜಗ್ಗಿದೆ. ಅದು ಸರಕ್ಕನೆ ತಿರುಗಿತು. ಎರಡು ತೂತು. ಒಳಗಿನ ಬಿಳಿ ಅಂಗಿ ಎರಡು ಕಣ್ಣುಗುಡ್ಡೆಗಳ ಹಾಗೆ ಊರನ್ನು ನೋಡಿತು.

ಮೊದಲು ಅವನ ಕಾಲು ಹಿಡಿದೆಳೆದವಳು ಬಿರಾಂಗ್ ಅಜ್ಜಿ. ಆಮೇಲೆ ಎಷ್ಟು ಕೈ ಬಿದ್ದವೋ. ಚೀಲಕ್ಕೆ ಜಗಳ ಅಂದುಕೊಂಡಿರಬೇಕು, ಸಿಪಾಯಿ ಕೈಗಡಿಯಾರ ನೋಡಿ ಬಾಗಿಲು ಮುಚ್ಚಿದ. ಗಾಡಿಗಳು ನೀರಿಗಿಳಿದವು. ಬಿಳಿಯರು ನಮ್ಮತ್ತ ಕೈ ಬೀಸಿದರು, ಬಹಳ ಹೊತ್ತು ಬೀಸಿದರು.

ಇಗರ್ಜಿಯ ಬಾಗಿಲ ಕಂಬಕ್ಕೆ ಅವನನ್ನು ಕಟ್ಟಿದೆವು. ಅಜ್ಜಿ ಕುಡುಗೋಲು ತಂದಳು.

“ನೀನೇ ಹಾಕು ಲೂದಿ. ಇದು ನಿನ್ ಪಾಲು.”

“ಬ್ಯಾಡ ಅಜ್ಜಿ.”

“ಈ ಸೂಳೆಮಗನ ಮ್ಯಾಲೆ ಕರುಣೆನಾ? ಥೂ!”

“ಕರುಣೆ ಮನೆ ಹಾಳಾಗ. ಇವನ ಮುಖ ಯಾವ ಜಪಾನಿ ನೋಡಿದಾನೆ? ಆವತ್ತು ಕರ್ಕೊಂಬಂದಿದ್ದ ಕನ್ನಡಕದ ಅಧಿಕಾರಿ ಒಬ್ನೇ. ಅವ್ನು ಕ್ಯಾಂಪಲ್ಲಿ ಸತ್ತ್ಬಿದ್ದವ್ನೆ, ನಾನೇ ನೋಡ್ದೆ. ಮಿಕ್ಕೋರ್ಗೆ ಗೊತ್ತಿರೋದು ಈ ಚೀಲ ಒಂದೇ.”

ಬೇರೆಯವರಿಗಿಂತ ಮೊದಲು ಮೆಲಾನ್ಯೊಗೆ ಅರ್ಥವಾಯಿತು. ಅವನ ಚಲ್ಲಣ ಒದ್ದೆಯಾಯಿತು.

“ಲೂದಿ... ತಂಗೀ... ಆ ಚೀಲ ತಲೆಗ್ ಹಾಕ್ಬುಟ್ಟು ಹೋಗಮ್ಮ. ಇನ್ನೇನೂ ಬ್ಯಾಡ. ನಿನ್ ಕಾಲಿಗ್ ಬೀಳ್ತೀನಿ.”

“ಯಾಕಣ್ಣಾ? ಇಷ್ಟ್ ದಿನ ಮುಚ್ಕೊಂಡಿದ್ದೆ, ಸೆಕೆಯಾಗಿರ್ತದೆ. ಇವತ್ತು ಬರಿಮುಖದಲ್ಲಿರು. ನಮ್ಮೂರೋನೇ ಅಲ್ವಾ ನೀನು?”

ಚೀಲವನ್ನು ನನ್ನ ಕಂಕುಳಿಗೆ ಸೇರಿಸಿಕೊಂಡೆ.

ಊರಲ್ಲಿ ದೋಣಿ ಇದ್ದದ್ದು ಆರು. ಮಕ್ಕಳಿದ್ದವರು ಹತ್ತಿದೆವು. ಕಾಲಿನಲ್ಲಿ ಶಕ್ತಿಯಿದ್ದವರು ದಂಡೆಗುಂಟ ಓಡಿದರು. ದೂರ ನಡೆಯಲಾಗದ ಮುದುಕರು ಇಗರ್ಜಿಯೊಳಗೆ ಹೋಗಿ ಮಂಡಿಯೂರಿದರು. ನಾನು ಬಿರಾಂಗ್ ಅಜ್ಜಿಗೆ ಕೈ ಕೊಟ್ಟೆ. ಅವಳು ಏಳಲಿಲ್ಲ.

“ಎರಡ್ ಮಕ್ಕಳ ಜಾಗ ತಿಂತದೆ ನನ್ ಅಂಡು. ಹೋಗು ನೀನು. ಇವನ ಕಟ್ಟು ಬಿಚ್ದಂಗೆ ಕಾಯಕ್ಕೊಬ್ರು ಬೇಕಲ್ಲ.”

ಅವನೆದುರು ಮೆಟ್ಟಿಲ ಮೇಲೆ ಕೂತು ವೀಳ್ಯದೆಲೆಗೆ ಸುಣ್ಣ ಹಚ್ಚತೊಡಗಿದಳು.

ಬಿಸಿಲು ಇಳಿಯುವಾಗ ನಾವು ಅಂತರಗಂಗೆಯ ದಟ್ಟ ಎಲೆಗಳ ನಡುವೆ ದೋಣಿ ತೂರಿಸಿಕೊಂಡು ಕೂತಿದ್ದೆವು. ಲಾರಿಗಳ ಸದ್ದು ಬಂತು. ನಂತರ ಮೆಲಾನ್ಯೊನ ದನಿ ನೀರಿನ ಮೇಲೆ ತೇಲಿ ಬಂತು. ಗೊತ್ತಿದ್ದ ನಾಲ್ಕು ಜಪಾನಿ ಮಾತುಗಳನ್ನು ಕೂಗಿದ. ಅವು ಮುಗಿದ ಮೇಲೆ ನಮ್ಮ ಭಾಷೆಯಲ್ಲೇ ಕೂಗಿದ, “ನಾನೀ ಊರೋನಲ್ಲ! ನಾನೀ ಊರೋನಲ್ಲ!”

ಒಂದು ಗುಂಡು. ದನಿ ನಿಂತಿತು.

ಹನ್ನೊಂದು ದಿನದಿಂದ ಎದೆಯಲ್ಲಿ ಸಿಕ್ಕಿಕೊಂಡಿದ್ದ ಉಸಿರು ಹೊರಟಿತು. ಅದು ಪೂರ್ತಿ ಹೊರಬರುವ ಮೊದಲೇ ಮತ್ತೆ ಗುಂಡು. ಮತ್ತೆ. ಇಗರ್ಜಿಯ ಕಡೆಯಿಂದ, ಬಿಡುವಿಲ್ಲದೆ.

“ಅವ್ನು ಸತ್ತಾಯ್ತಲ್ಲಮ್ಮ,” ಅಂದಳು ಮಗಳು. “ಈಗ ಯಾರಿಗೆ?”

ನಾನು ಹುಟ್ಟು ಎತ್ತಿಕೊಂಡು ದೋಣಿಯನ್ನು ಇನ್ನೂ ಒಳಕ್ಕೆ ಒತ್ತಿದೆ.