ಗುಲಾಬಿ ಬ್ರಶ್ಶಿನ ಪಕ್ಕದಲ್ಲಿ

ನಾನು ಒಂದು ಮರದ ಹಣಿಗೆ. ಬೇರೆ ಕಡೆ ನನ್ನಂಥವರನ್ನು ಬಾಚಣಿಗೆ ಅನ್ನುತ್ತಾರಂತೆ. ಗದಗಿನ ಈ ಮನೆಯಲ್ಲಿ ನಾನು ಹಣಿಗೆಯೇ. ಯಾರಿಗೂ ಹೇಳದ ಸಣ್ಣ ಚಿಂತೆಯೊಂದು ನನಗಿದೆ. ಕನ್ನಡಿಯ ಕೆಳಗಿನ ಗೂಡಿನಲ್ಲಿ ನನ್ನ ಪಕ್ಕಕ್ಕೆ ಒಂದು ಗುಲಾಬಿ ಬ್ರಶ್ಶು ಬಂದು ಕೂತಿದೆ. ಮೈತುಂಬ ಮುಳ್ಳು, ಪ್ರತಿ ಮುಳ್ಳಿನ ತುದಿಗೂ ಒಂದು ಮಣಿ. ಬೆಳಿಗ್ಗೆ ಮನೆಯ ಹುಡುಗಿಯ ಕೈ ಗೂಡಿನ ಕಡೆ ಬಂದಾಗ ನಾನು ಉಸಿರು ಬಿಗಿಹಿಡಿಯುತ್ತೇನೆ. ಕೈ ನನ್ನನ್ನು ದಾಟಿ ಅದನ್ನು ಎತ್ತಿಕೊಳ್ಳುತ್ತದೆ. ಅದು ಜಾರಿ ಬಿದ್ದು ಎರಡು ತುಂಡಾಗಲಿ ಎಂದುಕೊಳ್ಳದ ದಿನವಿಲ್ಲ. ಬೀಳುವುದಿಲ್ಲ, ಹಾಳಾದ್ದು.

ನನ್ನನ್ನು ಮಾಡಿದವನು ಒಬ್ಬ ಮುದುಕ. ಮರದ ತುಂಡನ್ನು ಎರಡು ಪಾದಗಳ ನಡುವೆ ಒತ್ತಿ ಹಿಡಿದು, ಸಣ್ಣ ಗರಗಸದಿಂದ ಒಂದೊಂದೇ ಹಲ್ಲು ಸೀಳಿದ. ಒಂದು ಬದಿಗೆ ಅಗಲ ಹಲ್ಲು, ಸಿಕ್ಕು ಬಿಡಿಸಲಿಕ್ಕೆ. ಇನ್ನೊಂದು ಬದಿಗೆ ಒತ್ತೊತ್ತಾದ ಸಣ್ಣ ಹಲ್ಲು, ಹೇನು ತೆಗೆಯಲಿಕ್ಕೆ. ಆ ಸಣ್ಣ ಬದಿಯ ಬಗ್ಗೆ ನನಗೆ ಮೊದಲಿನಿಂದಲೂ ನಾಚಿಕೆ. ಹೇನಿನ ಮಾತು ಯಾರಿಗೆ ಬೇಕು? ಎಣ್ಣೆಯಲ್ಲಿ ನೆನೆಸಿ ಸಂತೆಗೆ ಒಯ್ದಾಗ ಈರವ್ವ ಎಂಬಾಕೆ ನನ್ನ ಹಲ್ಲಿನ ಮೇಲೆ ಉಗುರು ಎಳೆದು, ಸದ್ದು ಕೇಳಿ, ಸೆರಗಿನಲ್ಲಿ ಕಟ್ಟಿಕೊಂಡಳು.

ಈರವ್ವನಿಗೆ ಮಗಳ ತಲೆ ಬಾಚುವುದೆಂದರೆ ಎತ್ತಿನ ಮೈ ತಿಕ್ಕಿದ ಹಾಗೆ, ಮುಗಿಸಬೇಕಾದ ಕೆಲಸ. ಮಗಳು ಸುಮಂಗಲಾ ಹಲ್ಲು ಕಚ್ಚಿ ಕೂರುತ್ತಿದ್ದಳು. ಆ ಮನೆಯಲ್ಲಿ ತಲೆ ಬಾಚುವ ಹೊತ್ತಿನಲ್ಲಿ ಯಾರೂ ಯಾರಿಗೂ ಏನೂ ಹೇಳುತ್ತಿರಲಿಲ್ಲ. ಮದುವೆಯಾಗಿ ಗದಗಿಗೆ ಬರುವಾಗ ಸುಮಂಗಲಾ ನನ್ನನ್ನು ಟ್ರಂಕಿನಲ್ಲಿ ಇಟ್ಟುಕೊಂಡು ಬಂದಳು. ಅವಳಿಗೆ ಮಗಳು ಹುಟ್ಟಿದಾಗ, ತೊಟ್ಟಿಲಲ್ಲಿ ಮಲಗಿದ್ದ ಆ ಬೋಳುತಲೆಯ ಮೇಲೆ ನನ್ನ ಅಗಲ ಬದಿಯನ್ನು ಮೆಲ್ಲಗೆ ಸವರಿ, ಈಕೆ ನನ್ನ ಮುಂದ ಎಲ್ಲಾ ಹೇಳಬೇಕು ಅಂದುಕೊಂಡಳು. ಬಾಯಿಬಿಟ್ಟು ಹೇಳಲಿಲ್ಲ. ಆದರೆ ಹಿಡಿದ ಕೈಯ ಮಾತು ನನಗೆ ತಿಳಿಯುತ್ತದೆ.

ಸಿಂಚನಾ ಎಲ್ಲವನ್ನೂ ಹೇಳಿದಳು. ಶಾಲೆಗೆ ಎರಡು ಜಡೆ, ಅವನ್ನು ಮೇಲಕ್ಕೆ ಮಡಚಿ ಕೆಂಪು ರಿಬ್ಬನ್ನು ಕಟ್ಟಬೇಕು. ಮಣೆಯ ಮೇಲೆ ಅವ್ವನಿಗೆ ಬೆನ್ನು ಮಾಡಿ ಕೂತರೆ ಸಾಕು, ಬಾಯಿ ತೆರೆಯುತ್ತಿತ್ತು. ಟೀಚರ್ ನಿನ್ನೆಯ ಸೀರೆಯನ್ನೇ ಉಟ್ಟು ಬಂದದ್ದು, ಗೆಳತಿಯ ಡಬ್ಬಿಯ ಶೇಂಗಾ ಹೋಳಿಗೆ, ತಾನು ಕದ್ದ ಸೀಮೆಸುಣ್ಣ. ಮುಖ ನೋಡಿಕೊಂಡು ಹೇಳಲಾಗದ್ದನ್ನು ಬೆನ್ನು ಮಾಡಿ ಕೂತವರು ಸುಲಭವಾಗಿ ಹೇಳುತ್ತಾರೆ. ಕತೆ ಅರ್ಧಕ್ಕಿರುವಾಗಲೇ ಜಡೆ ಮುಗಿದರೆ ಸುಮಂಗಲಾ, ಬೈತಲೆ ಸೊಟ್ಟ ಆಗೇತಿ ಎಂದು ಬಿಚ್ಚಿ ಮತ್ತೆ ಹೆಣೆಯುತ್ತಿದ್ದಳು. ಬೈತಲೆ ಸೊಟ್ಟವಾಗಿರುತ್ತಿರಲಿಲ್ಲ. ನಾನೇ ತೆಗೆದ ಗೆರೆ, ನನಗೆ ಗೊತ್ತಿಲ್ಲವೇ?

ಏಳನೇ ತರಗತಿಯಲ್ಲಿದ್ದಾಗ ಒಂದು ಬೆಳಿಗ್ಗೆ ಸಿಂಚನಾ ಮಣೆಯ ಮೇಲೆ ಕೂತು ರಿಬ್ಬನ್ನಿನ ತುದಿಯನ್ನು ಬೆರಳಿಗೆ ಸುತ್ತುತ್ತಿದ್ದಳು. ಎರಡನೇ ಜಡೆಗೆ ಬಂದಾಗ ತಲೆ ತಗ್ಗಿಸಿ, ತಾನು ದೊಡ್ಡವಳಾದ ಸುದ್ದಿಯನ್ನು ಹೇಳಿದಳು. ಆಮೇಲೆ, "ಯಾರ ಮುಂದೂ ಹೇಳಬ್ಯಾಡ ಮಮ್ಮಿ" ಅಂದಳು. ಸುಮಂಗಲಾ ಹೂಂ ಅಂದಳು. ಖುಷಿಗೆ ರಿಬ್ಬನ್ನಿಗೆ ಎರಡೆರಡು ಗಂಟು ಹಾಕಿದಳು.

ಆ ಖುಷಿಯೇ ಕೆಡಿಸಿತು. ಇಂಥ ಸುದ್ದಿಯನ್ನು ಯಾವ ತಾಯಿ ಮುಚ್ಚಿಡುತ್ತಾಳೆ ಎಂಬುದು ಅವಳ ಲೆಕ್ಕ. ಸಂಜೆಯ ಹೊತ್ತಿಗೆ ಓಣಿಯ ಹೆಂಗಸರೆಲ್ಲ ಕೊಬ್ಬರಿ, ಉತ್ತತ್ತಿ, ಅಂಟಿನ ಉಂಡೆ ಹಿಡಿದು ಬಂದರು. ಸಿಂಚನಾಳನ್ನು ಹೊಸ ಸೀರೆಯಲ್ಲಿ ಕೂರಿಸಿ, ಉಡಿ ತುಂಬಿ, ಆರತಿ ಎತ್ತಿ ಹಾಡಿದರು. ಬಾಗಿಲು ಹಾರುಹೊಡೆದಿತ್ತು. ಅವಳ ತರಗತಿಯಲ್ಲೇ ಓದುವ ಎದುರುಮನೆಯ ಹುಡುಗ ಸೈಕಲ್ಲು ಹಿಡಿದು ನಿಂತು ಎಲ್ಲವನ್ನೂ ನೋಡಿದ. ಮತ್ತೆ ಶಾಲೆಗೆ ಹೋದ ದಿನ ತರಗತಿಗೆ ತರಗತಿಯೇ, ನಿಮ್ಮನಿಯಾಗ ಏನ ಫಂಕ್ಷನ್ ಇತ್ತು ಅಂತ ಕೇಳಿ ನಕ್ಕಿತಂತೆ. ಈ ಮಾತು ಸುಮಂಗಲಾಳಿಗೆ ತಿಳಿದದ್ದು ಮಗಳಿಂದಲ್ಲ, ಮೇಲಿನ ಮನೆಯ ರೋಹಿಣಿಯಿಂದ. ಸಿಂಚನಾ ಅತ್ತದ್ದು ರೋಹಿಣಿಯ ಅಡುಗೆಮನೆಯಲ್ಲಿ.

ಗುಲಾಬಿ ಬ್ರಶ್ಶು ಬಂದದ್ದು ಆ ವಾರವೇ. ರೋಹಿಣಿಯೇ ಕೊಟ್ಟದ್ದು. ಸಿಂಚನಾ ಇನ್ನು ಮಣೆಯ ಮೇಲೆ ಕೂರಲಿಲ್ಲ. ಬ್ರಶ್ಶು ಹಿಡಿದು ಮೆಟ್ಟಿಲು ಹತ್ತುವಳು. ಇಳಿಯುವಾಗ ನೆತ್ತಿಯಿಂದಲೇ ಹೆಣೆದ ಫ್ರೆಂಚ್ ಜಡೆ. ಮೇಲಿನಿಂದ ನಗು ಕೇಳಿಸುತ್ತಿತ್ತು. ಒಂದು ಸಲ ಅಲ್ಲಿ ಮಾತು ಶುರುವಾದರೆ ಕೆಳಗೆ ಕುಕ್ಕರು ಎಷ್ಟು ಕೂಗಿದರೂ ಸುಮಂಗಲಾಳಿಗೆ ಕೇಳಿಸದು. ಅದೇನ ಜಡಿ, ಇಲಿ ಬಾಲ ಇದ್ದಂಗ, ಎಂದು ಮಗಳಿಗೆ ಕೇಳುವಂತೆ ಅನ್ನುವಳು. ಮಗಳು ಬ್ರಶ್ಶನ್ನು ಗೂಡಿನಲ್ಲಿಟ್ಟು ಚೀಲ ಎತ್ತಿಕೊಳ್ಳುವಳು. ಊಟ ಆತೇನು ಅಂದರೆ ಹೂಂ. ಪರೀಕ್ಷೆ ಹೆಂಗಾತು ಅಂದರೆ ಹೂಂ.

ಒಂದು ಮಧ್ಯಾಹ್ನ ಸುಮಂಗಲಾ ಹಳೆಯ ಸೀರೆಯನ್ನು ಪಟ್ಟಿ ಪಟ್ಟಿಯಾಗಿ ಹರಿದು, ಕಿಟಕಿಯ ಸರಳಿಗೆ ಕಟ್ಟಿ, ಆ ಜಡೆಯನ್ನು ಹೆಣೆಯಲು ಕೂತಳು. ಬೇಗ ಮನೆಗೆ ಬಂದ ಗಂಡ ಬಾಗಿಲಲ್ಲಿ ನಿಂತು, "ಏನಬೇ, ಹಗ್ಗ ಹೊಸಿಯಾಕತ್ತೀಯೇನು?" ಅಂದ. ಅವಳು ಪಟ್ಟಿಗಳನ್ನು ಎಳೆದು ಬಿಚ್ಚಿ ಒರೆಸುವ ಬಟ್ಟೆಗೆ ಸೇರಿಸಿದಳು. ಆ ದಿನ ನನಗೆ ಅವಳ ಮೇಲೆ ಹಿಂದೆಂದೂ ಇಲ್ಲದ ಪ್ರೀತಿ ಹುಟ್ಟಿತು. ನನ್ನ ಸಂಕಟವೂ ಅವಳ ಸಂಕಟವೂ ಒಂದೇ ಮರದ್ದು.

ಈಗ ನನಗೆ ವಯಸ್ಸಾಗಿದೆ. ಅಗಲ ಬದಿಯ ಹಲ್ಲು ಸವೆದಿದೆ, ಎರಡು ಬದಿಗಳ ನಡುವಿನ ಪಟ್ಟಿ ಬಿರುಕು ಬಿಟ್ಟಿದೆ. ಗೂಡಿನ ಹಿಂದಿನ ಮೂಲೆ ನನ್ನದು. ಅಲ್ಲಿಂದ ಮನುಷ್ಯರ ಗದ್ದ ಕಾಣುತ್ತದೆ, ಮುಖ ಕಾಣುವುದಿಲ್ಲ. ಹೋದ ಭಾನುವಾರ ಬೆಳಿಗ್ಗೆ ಸಿಂಚನಾಳ ಗದ್ದ ಕಂಡಿತು. ಅವಳ ಕೈ ಬ್ರಶ್ಶನ್ನು ದಾಟಿ ನನ್ನ ಕಡೆ ಬಂತು. ನಾನು ನಂಬಲಿಲ್ಲ.

ಹಿತ್ತಲ ಬಾಗಿಲಲ್ಲಿ ಅಕ್ಕಿ ಹಸನು ಮಾಡುತ್ತಿದ್ದ ಅವ್ವನ ಮುಂದೆ ನನ್ನನ್ನಿಟ್ಟು ಅವಳು ನಿಂತಳು. ಕಿವಿಯ ಹಿಂದೆ ಕೆರೆಯುತ್ತಿದ್ದಳು.

"ಹೇನ ಆಗ್ಯಾವ" ಅಂದಳು. ಆಮೇಲೆ, "ಯಾರ ಮುಂದೂ ಹೇಳಬ್ಯಾಡ."

ಹೇನುಗಳೇ, ನಿಮ್ಮ ಸಂತಾನ ನೂರ್ಮಡಿಯಾಗಲಿ! ಮಣಿ ಹೊತ್ತ ಮುಳ್ಳುಗಳ ನಡುವೆ ಆನೆಯೂ ನುಸುಳಿ ಹೋದೀತು. ನನ್ನ ಸಣ್ಣ ಬದಿಯಿಂದ ಮಾತ್ರ ಯಾವುದೂ ತಪ್ಪಿಸಿಕೊಳ್ಳದು. ಸುಮಂಗಲಾ ಮಣೆ ಹಾಕಿ, ಮಗಳ ಮಡಿಲಿಗೆ ಬಿಳಿ ಬಟ್ಟೆ ಹಾಸಿದಳು. ನಾನು ಬುಡದಿಂದ ತುದಿಗೆ ಇಳಿದೆ. ಟಪ್, ಟಪ್ ಎಂದು ಬಟ್ಟೆಯ ಮೇಲೆ ಉದುರಿದವು.

ಆಗ ಮೇಲಿನ ಮೆಟ್ಟಿಲಲ್ಲಿ ಚಪ್ಪಲಿಯ ಸದ್ದು. ರೋಹಿಣಿಯ ದನಿ ಕೇಳಿತು. "ಸಿಂಚೂ, ಮ್ಯಾಲೆ ಬಾರಬೇ, ಹೊಸಾ ಜಡಿ ಒಂದ ಕಲ್ತೀನಿ."

ಸಿಂಚನಾಳ ಕುತ್ತಿಗೆ ಕಲ್ಲಿನಂತಾಯಿತು. ಹೇಳಿಬಿಡು, ಎಂದೆ ನಾನು ಸುಮಂಗಲಾಳ ಬೆರಳೊಳಗಿಂದ. ಹೇನು ಅನ್ನುವ ಒಂದೇ ಮಾತು ಸಾಕು, ರೋಹಿಣಿ ಈ ತಲೆಯನ್ನು ಇನ್ನು ಮುಟ್ಟಳು. ನಗುವೂ ನಿಲ್ಲುತ್ತದೆ, ಬ್ರಶ್ಶೂ ಹೋಗುತ್ತದೆ. ಹೇಳು. ಆ ಬೆರಳುಗಳಿಗೂ ಅದೇ ಆಸೆಯಿತ್ತು. ನನ್ನನ್ನು ಎಷ್ಟು ಗಟ್ಟಿಯಾಗಿ ಹಿಡಿದವೆಂದರೆ ಒಂದು ಸಣ್ಣ ಹಲ್ಲು ಅಲ್ಲೇ ಮುರಿಯಿತು.

"ಇವತ್ತ ಬ್ಯಾಡ ರೋಹಿಣಿ," ಅಂದಳು ಸುಮಂಗಲಾ. "ಎಣ್ಣಿ ಹಚ್ಚಾಕತ್ತೀನಿ. ನಾಳೆ ಕಳಸ್ತೀನಿ."

ಚಪ್ಪಲಿಯ ಸದ್ದು ಮೇಲಕ್ಕೆ ಹೋಯಿತು. ಬಾಗಿಲು ಹಾಕಿಕೊಂಡದ್ದೂ ಕೇಳಿತು. ಸಿಂಚನಾ ಕೂತಲ್ಲೇ ಸ್ವಲ್ಪ ಹಿಂದಕ್ಕೆ ಸರಿದಳು. ಅವಳ ಬೆನ್ನು ಅವ್ವನ ಮೊಣಕಾಲಿಗೆ ತಾಗಿತು. ತಲೆಯಲ್ಲಿ ಇನ್ನು ತೆಗೆಯುವಂಥದ್ದೇನೂ ಇರಲಿಲ್ಲ. ಆದರೂ ಸುಮಂಗಲಾ ಬೈತಲೆಯನ್ನು ಅಳಿಸಿ ಮತ್ತೆ ಹೊಸದಾಗಿ ತೆಗೆಯತೊಡಗಿದಳು. ನಾನು ನೆತ್ತಿಯ ಮೇಲೆ ಅರ್ಧದಲ್ಲಿ ನಿಂತೆ.

"ಆವತ್ತ ನೀ ಹೇಳಬ್ಯಾಡ ಅಂದಿದ್ದಿ," ಅಂದಳು ಸುಮಂಗಲಾ. "ನಾ ಹೇಳಿದೆ. ಅದಕ್ಕ ನೀ ಮ್ಯಾಲೆ ಹೋಗತಿ, ಗೊತ್ತೈತಿ ನನಗ. ಆದರೂ ನೀ ಆಕಿ ಕೂಡ ನಕ್ಕದ್ದು ಕೇಳಿದರ ನನಗ ಹೊಟ್ಟಿಕಿಚ್ಚ ಆಗತೈತಿ ಸಿಂಚೂ."